ಅಟ್ಟದಿಂದಿಳಿದ ಪಾತ್ರೆಗಳೂ ಮಿಶ್ರಲೋಹಗಳ ರಸಾಯನವೂ

ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನವು ಕೂಡಿದಾಗಲೆಲ್ಲ, ಊಟವಾದ ಬಳಿಕ ಸಂಭಾಷಣೆಯು ತರಗತಿಯ ನೆನಪುಗಳಿಂದ ಮನೆವಾರ್ತೆಯ ಕಡೆಗೆ ಹೊರಳುವುದು ವಾಡಿಕೆ. ಈಚಿನ ಕೆಲವು ವರ್ಷಗಳಿಂದ ಒಂದು ಪ್ರಶ್ನೆಯನ್ನು ನಾವು ಮೇಲಿಂದ ಮೇಲೆ ಕೇಳುತ್ತಲಿದ್ದೇವೆ. ಅಜ್ಜಿಯ ಕಾಲದಿಂದ ಅಟ್ಟದ ಮೇಲೆ ಬೋರಲು ಬಿದ್ದಿದ್ದ ಹಿತ್ತಾಳೆಯ ತಪ್ಪಲೆ, ಕಂಚಿನ ಗಂಗಾಳ, ತಾಮ್ರದ ಬಿಂದಿಗೆಗಳು ಪುನಃ ಕೆಳಗಿಳಿದು ಬಂದಿವೆ. ಅವುಗಳಲ್ಲಿ ಅಡಿಗೆ ಮಾಡಬಹುದೇ? ಮಕ್ಕಳಿಗೆ ಬಡಿಸಬಹುದೇ? ಕಲಾಯಿಯಿಲ್ಲದೆ ಬಳಸಿದರೆ ಹಾನಿಯುಂಟೇ?

ಒಬ್ಬಾಕೆ ತನ್ನ ಮನೆಯಲ್ಲಿ ನಡೆದ ಸಂಗತಿಯನ್ನೇ ಹೇಳಿದಳು. ಹಬ್ಬದ ಹಿಂದಿನ ದಿನ ಹಿತ್ತಾಳೆಯ ತಪ್ಪಲೆಯೊಂದನ್ನು ಹುಣಿಸೆಹಣ್ಣಿನಿಂದ ತಿಕ್ಕಿ ತಿಕ್ಕಿ, ಒಳಗೂ ಹೊರಗೂ ಚಿನ್ನದಂತೆ ಹೊಳೆಯುವ ಹಾಗೆ ಮಾಡಿದಳಂತೆ. ಮರುದಿನ ಅದರಲ್ಲಿಯೇ ಮಜ್ಜಿಗೆಹುಳಿಯನ್ನು ಮಾಡಿ, ಉಳಿದುದನ್ನು ರಾತ್ರಿಯವರೆಗೂ ಅದರಲ್ಲಿಯೇ ಇಟ್ಟಳು. ರಾತ್ರಿ ಉಂಡವರಲ್ಲಿ ಮೂವರಿಗೆ ಹೊಟ್ಟೆ ತೊಳಸಿ ವಾಂತಿಯಾಯಿತು. ಅವರಲ್ಲೊಂದು ಚಿಕ್ಕ ಮಗು. ಬೆಳಗಾಗುವ ಹೊತ್ತಿಗೆ ಎಲ್ಲರೂ ಚೇತರಿಸಿಕೊಂಡರು. "ಅಷ್ಟು ಚೊಕ್ಕಟವಾಗಿ ತೊಳೆದ ಪಾತ್ರೆಯಲ್ಲಿ ದೋಷವು ಎಲ್ಲಿಂದ ಬಂತು, ಟೀಚರೇ?" ಎಂದು ಆಕೆಯು ನಮ್ಮನ್ನು ಕೇಳಿದಳು.

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದಾಗಿತ್ತು. ಆದರೆ ಹಾಗೆ ಹೇಳಿದ ಮಾತು ಒಂದು ಪಾತ್ರೆಗೆ ಮಾತ್ರ ಸಲ್ಲುವುದು. ಕಾರಣವನ್ನು ಅರಿತರೆ ಮನೆಯ ಪಾತ್ರೆಗಳಿಗೆಲ್ಲ ಸಲ್ಲುವುದು. ಆದಕಾರಣ ಲೋಹಗಳು ಒಂದರೊಡನೊಂದು ಕೂಡುವ ಬಗೆಯನ್ನೂ, ಹಾಗೆ ಕೂಡಿದಾಗ ಅವುಗಳ ಗುಣಗಳು ಮಾರ್ಪಡುವ ರೀತಿಯನ್ನೂ ಈ ಲೇಖನದಲ್ಲಿ ಸಾಧ್ಯವಾದಷ್ಟು ಸುಲಭವಾಗಿ ವಿವರಿಸಲು ಯತ್ನಿಸುವೆವು.

ಮಿಶ್ರಲೋಹವೆಂದರೇನು?

ಎರಡು ಅಥವಾ ಹೆಚ್ಚು ಲೋಹಗಳನ್ನು, ಇಲ್ಲವೆ ಒಂದು ಲೋಹವನ್ನೂ ಇಂಗಾಲದಂತಹ ಲೋಹವಲ್ಲದ ವಸ್ತುವನ್ನೂ ಕರಗಿಸಿ ಬೆರೆಸಿದಾಗ ಉಂಟಾಗುವ, ಲೋಹದ ಗುಣಗಳುಳ್ಳ ಪದಾರ್ಥಕ್ಕೆ ಮಿಶ್ರಲೋಹವೆಂದು ಹೆಸರು. ತಾಮ್ರಕ್ಕೆ ಸತುವು ಸೇರಿದರೆ ಹಿತ್ತಾಳೆ. ತಾಮ್ರಕ್ಕೆ ತವರವು ಸೇರಿದರೆ ಕಂಚು. ಕಬ್ಬಿಣಕ್ಕೆ ಅಲ್ಪ ಪ್ರಮಾಣದ ಇಂಗಾಲವು ಸೇರಿದರೆ ಉಕ್ಕು. ನಾವು ನಿತ್ಯವೂ ಮುಟ್ಟುವ ಲೋಹದ ವಸ್ತುಗಳಲ್ಲಿ ಶುದ್ಧ ಲೋಹದವು ಬಹು ಕಡಿಮೆ. ಬೀಗದ ಕೈ, ಕತ್ತರಿ, ಚಮಚೆ, ನಲ್ಲಿ, ಕೊರಳ ಸರ, ಕೈಯ ಬಳೆ, ಜೇಬಿನ ನಾಣ್ಯ ಇವೆಲ್ಲವೂ ಮಿಶ್ರಲೋಹಗಳೇ.

ಉಪ್ಪನ್ನೂ ಮೆಣಸನ್ನೂ ಬೆರೆಸಿದಂತೆ ಲೋಹಗಳು ಬೆರೆಯುವುವೆಂದು ತಿಳಿಯಬಾರದು. ಹಾಗೆ ಬೆರೆಸಿದ ಪುಡಿಯಲ್ಲಿ ಉಪ್ಪು ಉಪ್ಪಾಗಿಯೂ ಮೆಣಸು ಮೆಣಸಾಗಿಯೂ ಉಳಿಯುವುವು. ಲೋಹಗಳಾದರೋ ಕರಗಿದ ಸ್ಥಿತಿಯಲ್ಲಿ ನೀರಿನಲ್ಲಿ ಸಕ್ಕರೆಯಂತೆ ಒಂದರಲ್ಲೊಂದು ಲೀನವಾಗುವುವು. ತಣಿದು ಗಟ್ಟಿಯಾಗುವಾಗ ಮೂರು ಬಗೆಗಳಲ್ಲಿ ಒಂದನ್ನು ಅನುಸರಿಸುವುವು. ಮೊದಲನೆಯದು, ಗಟ್ಟಿಯಾದ ಮೇಲೂ ಲೀನವಾಗಿಯೇ ಉಳಿಯುವುದು, ಇದಕ್ಕೆ ಘನದ್ರಾವಣವೆನ್ನುವರು. ಎರಡನೆಯದು, ನಿಶ್ಚಿತ ಪ್ರಮಾಣದಲ್ಲಿ ಕೂಡಿ ಒಂದು ಹೊಸ ಸಂಯುಕ್ತವಾಗುವುದು. ಮೂರನೆಯದು, ಮನಸ್ಸು ಕೂಡದ ನೆಂಟರಂತೆ ಬೇರ್ಪಟ್ಟು, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣಬಹುದಾದ ಬೇರೆ ಬೇರೆ ಕಣಗಳಾಗಿ ಪಕ್ಕಪಕ್ಕದಲ್ಲಿ ನಿಲ್ಲುವುದು. ಒಂದೇ ಮಿಶ್ರಲೋಹದಲ್ಲಿ ಈ ಮೂರರಲ್ಲಿ ಎರಡು ಬಗೆಗಳೂ ಒಟ್ಟಿಗೆ ಇರಬಹುದು.

ಪರಮಾಣುಗಳ ಸಾಲು

ಲೋಹದೊಳಗೆ ಪರಮಾಣುಗಳು ಅಸ್ತವ್ಯಸ್ತವಾಗಿರದೆ, ಪೆಟ್ಟಿಗೆಯಲ್ಲಿ ಒಪ್ಪವಾಗಿ ಜೋಡಿಸಿದ ಗೋಲಿಗಳಂತೆ ಸಾಲುಸಾಲಾಗಿ, ಪದರಪದರವಾಗಿ ನಿಂತಿರುವುವು. ಶುದ್ಧ ತಾಮ್ರದಲ್ಲಿ ಈ ಗೋಲಿಗಳೆಲ್ಲವೂ ಒಂದೇ ಗಾತ್ರದವು. ಸುತ್ತಿಗೆಯ ಪೆಟ್ಟು ಬಿದ್ದಾಗ ಒಂದು ಪದರವು ಇನ್ನೊಂದರ ಮೇಲೆ ಸುಲಭವಾಗಿ ಜಾರುವುದು. ಆದುದರಿಂದಲೇ ಶುದ್ಧ ತಾಮ್ರ, ಶುದ್ಧ ಚಿನ್ನ, ಶುದ್ಧ ಬೆಳ್ಳಿಗಳು ಮೆತ್ತಗಿರುವುವು, ಬೇಗನೆ ಬಾಗುವುವು. ಈಗ ಆ ಸಾಲುಗಳ ನಡುನಡುವೆ ಕೆಲವು ಗೋಲಿಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ತುಸು ದೊಡ್ಡವನ್ನೋ ಚಿಕ್ಕವನ್ನೋ ಇಟ್ಟೆವೆನ್ನೋಣ. ಪದರವು ಇನ್ನು ನಯವಾಗಿ ಜಾರದು, ಅಲ್ಲಲ್ಲಿ ತಡೆಯುಂಟಾಗುವುದು. ಮಿಶ್ರಲೋಹವು ತನ್ನ ಮೂಲಲೋಹಕ್ಕಿಂತ ಗಡಸಾಗಿರುವುದರ ಮುಖ್ಯ ಕಾರಣವು ಇದೇ.

ಇಂಗಾಲದ ಪರಮಾಣುವು ಮಾತ್ರ ಬಹಳ ಚಿಕ್ಕದು. ಅದು ಕಬ್ಬಿಣದ ಪರಮಾಣುವಿನ ಸ್ಥಾನವನ್ನು ಆಕ್ರಮಿಸದೆ, ಗೋಲಿಗಳ ನಡುವಣ ಸಂದಿಯಲ್ಲಿ ಸಾಸಿವೆಯ ಕಾಳಿನಂತೆ ಸಿಕ್ಕಿಕೊಳ್ಳುವುದು. ನೂರಕ್ಕೆ ಒಂದು ಪಾಲು ಇಂಗಾಲವು ಕೂಡ ಮೆತುವಾದ ಕಬ್ಬಿಣವನ್ನು ಕತ್ತಿಯ ಬಾಯಾಗಬಲ್ಲ ಉಕ್ಕನ್ನಾಗಿ ಮಾಡುವುದು ಈ ಕಾರಣದಿಂದಲೇ.

ಯಾವ ಲೋಹವು ಯಾವುದರಲ್ಲಿ ಎಷ್ಟರ ಮಟ್ಟಿಗೆ ಲೀನವಾಗುವುದೆಂಬುದಕ್ಕೆ ನಿಯಮಗಳನ್ನು ಕಂಡುಹಿಡಿದವನು ಆಕ್ಸ್‌ಫರ್ಡಿನ ವಿಲಿಯಂ ಹ್ಯೂಮ್-ರೊದರಿ ಎಂಬ ವಿದ್ವಾಂಸನು. ಇವನು ೧೮೯೯ರಲ್ಲಿ ಜನಿಸಿದನು. ಸೈನಿಕನಾಗಬೇಕೆಂದು ತರಬೇತಿಗೆ ಸೇರಿದ್ದಾಗ, ೧೯೧೭ರಲ್ಲಿ ಮಿದುಳಿನ ಪೊರೆಯ ಜ್ವರಕ್ಕೆ ಗುರಿಯಾಗಿ ಪೂರ್ತಿಯಾಗಿ ಕಿವುಡನಾದನು. ಸೈನ್ಯದ ದಾರಿಯು ಮುಚ್ಚಿದ ಮೇಲೆ ರಸಾಯನಶಾಸ್ತ್ರದ ಕಡೆಗೆ ತಿರುಗಿ, ಲೋಹಶಾಸ್ತ್ರಕ್ಕೆ ಹೊಸದೊಂದು ತಳಹದಿಯನ್ನು ಹಾಕಿದನು. ಎರಡು ಲೋಹಗಳ ಪರಮಾಣುಗಳ ಗಾತ್ರದಲ್ಲಿ ನೂರಕ್ಕೆ ಸುಮಾರು ೧೫ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅವು ಧಾರಾಳವಾಗಿ ಲೀನವಾಗಲಾರವೆಂಬುದು ಅವನ ನಿಯಮಗಳಲ್ಲಿ ಮೊದಲನೆಯದು. ಪರಮಾಣುಗಳ ಜೋಡಣೆಯ ಕ್ರಮ, ಸಂಯೋಗಶಕ್ತಿ, ಎಲೆಕ್ಟ್ರಾನುಗಳ ಮೇಲಿನ ಸೆಳೆತ ಇವುಗಳಲ್ಲಿಯೂ ಹೋಲಿಕೆಯಿರಬೇಕು. ಚಿನ್ನ ಮತ್ತು ಬೆಳ್ಳಿಗಳ ಪರಮಾಣುಗಳು ಗಾತ್ರದಲ್ಲಿ ಹೆಚ್ಚುಕಡಿಮೆ ಸಮಾನವಾದುದರಿಂದ ಅವು ಯಾವ ಪ್ರಮಾಣದಲ್ಲಿಯಾದರೂ ಬೆರೆಯುವುವು. ತಾಮ್ರದಲ್ಲಿ ಸತುವು ನೂರಕ್ಕೆ ೩೫ ಪಾಲನ್ನು ಮೀರಿಯೂ ಲೀನವಾಗುವುದು. ತವರವಾದರೋ ಹೆಚ್ಚೆಂದರೆ ೧೬ ಪಾಲು. ಅಷ್ಟನ್ನು ಮೀರಿದ ತವರವು ತಾಮ್ರದೊಡನೆ ಕೂಡಿ ಗಡಸಾದ, ಪೆಡಸಾದ ಸಂಯುಕ್ತವಾಗುವುದು.

ಕೂಡಿದ ಗುಣವು ಸರಾಸರಿಯಲ್ಲ

ಮಿಶ್ರಲೋಹಗಳ ವಿಷಯದಲ್ಲಿ ನೆನಪಿಡತಕ್ಕ ಮುಖ್ಯ ಸಂಗತಿಯೆಂದರೆ, ಅವುಗಳ ಗುಣವು ಮೂಲಲೋಹಗಳ ಗುಣಗಳ ಸರಾಸರಿಯಾಗಿರುವುದಿಲ್ಲ. ತವರವು ೨೩೨ ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ಸೀಸವು ೩೨೭ ಡಿಗ್ರಿಯಲ್ಲಿಯೂ ಕರಗುವುವು. ಎರಡನ್ನೂ ಬೆರೆಸಿದರೆ ಈ ಎರಡು ಅಂಕಗಳ ನಡುವೆ ಎಲ್ಲಿಯೋ ಕರಗಬೇಕೆಂದು ನಾವು ಎಣಿಸುವೆವು. ಆದರೆ ಸುಮಾರು ೬೨ ಪಾಲು ತವರ, ೩೮ ಪಾಲು ಸೀಸವಿರುವ ಮಿಶ್ರಣವು ೧೮೩ ಡಿಗ್ರಿಯಲ್ಲಿಯೇ ಕರಗುವುದು. ಅಂದರೆ ಎರಡಕ್ಕಿಂತಲೂ ಕೆಳಗೆ! ರೇಡಿಯೋ ಮುಂತಾದ ಯಂತ್ರಗಳ ತಂತಿಗಳನ್ನು ಕೂಡಿಸುವ ಬೆಸುಗೆಯು ಬಹುಕಾಲ ಈ ಮಿಶ್ರಣದಿಂದಲೇ ಆಗುತ್ತಿತ್ತು. ಈ ೧೮೩ ಎಂಬ ಅಂಕವನ್ನು ವಾಚಕರು ನೆನಪಿನಲ್ಲಿಡಬೇಕು. ಕಲಾಯಿಯ ವಿಷಯಕ್ಕೆ ಬಂದಾಗ ಇದು ಬೇಕಾಗುವುದು.

ರಾಸಾಯನಿಕ ಗುಣಗಳಲ್ಲಿಯೂ ಹೀಗೆಯೇ. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ಕರಗುವುದು, ಚಿನ್ನವು ಕರಗದು. ಅರ್ಧ ಚಿನ್ನ, ಅರ್ಧ ಬೆಳ್ಳಿಯ ಮಿಶ್ರಣವನ್ನು ಹಾಕಿದರೆ ಅರ್ಧ ಭಾಗವು ಕರಗಬೇಕಷ್ಟೆ? ಹಾಗಾಗುವುದಿಲ್ಲ. ಸುತ್ತಲೂ ಇರುವ ಚಿನ್ನದ ಪರಮಾಣುಗಳು ಬೆಳ್ಳಿಯ ಪರಮಾಣುಗಳನ್ನು ಕಾಪಾಡಿಕೊಳ್ಳುವುವು. ಆದುದರಿಂದಲೇ ಚಿನ್ನವನ್ನು ಪರೀಕ್ಷಿಸುವವರು ಅದಕ್ಕೆ ಇನ್ನಷ್ಟು ಬೆಳ್ಳಿಯನ್ನು ಬೇಕೆಂದೇ ಸೇರಿಸಿ, ಚಿನ್ನದ ಪಾಲನ್ನು ಸುಮಾರು ಕಾಲು ಭಾಗಕ್ಕೆ ಇಳಿಸಿದ ಮೇಲೆಯೇ ಆಮ್ಲದಲ್ಲಿ ಹಾಕುವರು. ಆಗ ಬೆಳ್ಳಿಯೆಲ್ಲವೂ ಕರಗಿ ಹೋಗಿ ಶುದ್ಧ ಚಿನ್ನವು ಉಳಿಯುವುದು. ಸ್ವಲ್ಪ ಹೆಚ್ಚುಕಡಿಮೆಯಾದರೆ ಗುಣವೇ ತಿರುಗಿಬೀಳುವ ಇಂತಹ ಎಲ್ಲೆಗಳು ಮಿಶ್ರಲೋಹಗಳಲ್ಲಿ ಹಲವುಂಟು.

ಕಂಚು, ಹಿತ್ತಾಳೆ ಮತ್ತು ಬಿದರಿ

ಶಾಲೆಯ ಗಂಟೆಯ ನಾದವನ್ನು ಯಾವ ವಿದ್ಯಾರ್ಥಿನಿಯು ಮರೆತಾಳು? ಗಂಟೆಗೆ ಉಪಯೋಗಿಸುವ ಕಂಚಿನಲ್ಲಿ ಸುಮಾರು ೭೮ ಪಾಲು ತಾಮ್ರ, ೨೨ ಪಾಲು ತವರವಿರುವುದು. ತವರವು ಲೀನವಾಗುವ ಎಲ್ಲೆಯನ್ನು ಮೀರಿರುವುದರಿಂದ ಅದರಲ್ಲಿ ಮೇಲೆ ಹೇಳಿದ ಗಡಸು ಸಂಯುಕ್ತವು ಹೇರಳವಾಗಿರುವುದು. ಪೆಟ್ಟಿನ ಶಕ್ತಿಯನ್ನು ಮೆತ್ತನೆಯ ಲೋಹವು ತನ್ನೊಳಗೇ ನುಂಗಿಬಿಡುವುದು. ಗಡಸಾದ ಕಂಚು ನುಂಗದೆ ಬಹಳ ಹೊತ್ತು ಕಂಪಿಸುವುದು. ನಾದವು ಹುಟ್ಟುವುದು ಹೀಗೆ. ಆದರೆ ಅದೇ ಗಡಸುತನದಿಂದಾಗಿ ಗಂಟೆಯು ಕೆಳಗೆ ಬಿದ್ದರೆ ಬಿರಿಯುವುದು.

ಹಾಗಾದರೆ ಇಷ್ಟೇ ತವರವುಳ್ಳ ಕಂಚಿನಿಂದ ತೆಳ್ಳನೆಯ ಬಟ್ಟಲುಗಳನ್ನು ಕಂಚುಗಾರರು ಹೇಗೆ ಬಡಿದು ಮಾಡಿದರು? ಅವರು ಲೋಹವನ್ನು ಕೆಂಪಗೆ ಕಾಯಿಸಿ, ಬಿಸಿಯಿರುವಾಗಲೇ ಬಡಿದು, ಕೊನೆಗೆ ನೀರಿನಲ್ಲಿ ಅದ್ದುವರು. ಉಕ್ಕನ್ನು ಕಾಯಿಸಿ ನೀರಿನಲ್ಲಿ ಅದ್ದಿದರೆ ಗಡಸಾಗಿ ಪೆಡಸಾಗುವುದು. ಈ ಕಂಚಾದರೋ ಅದಕ್ಕೆ ವಿರುದ್ಧವಾಗಿ ಪೆಡಸುತನವನ್ನು ಕಳೆದುಕೊಳ್ಳುವುದು. ಏಕೆಂದರೆ ನಿಧಾನವಾಗಿ ತಣಿದಾಗ ಬೇರ್ಪಡುವ ಪೆಡಸು ಸಂಯುಕ್ತಕ್ಕೆ, ಥಟ್ಟನೆ ತಣಿದಾಗ ಬೇರ್ಪಡಲು ಸಮಯವೇ ಸಿಕ್ಕುವುದಿಲ್ಲ. ಪರಮಾಣುಗಳ ಸಂಗತಿಯೊಂದನ್ನೂ ಓದಿರದ ಆ ಕುಶಲಿಗಳು ಇದನ್ನು ಶತಮಾನಗಳ ಅನುಭವದಿಂದ ಅರಿತಿದ್ದರು.

ಹಿತ್ತಾಳೆಯ ಕಥೆಯು ಬೇರೆ. ಸತುವು ೯೦೭ ಡಿಗ್ರಿಯಲ್ಲಿ ಆವಿಯಾಗಿ ಹಾರಿಹೋಗುವುದು. ತಾಮ್ರವು ಕರಗಬೇಕಾದರೆ ೧೦೮೫ ಡಿಗ್ರಿಯಾಗಬೇಕು. ಆದಕಾರಣ ಎರಡನ್ನೂ ಒಟ್ಟಿಗೆ ಮೂಸೆಯಲ್ಲಿಟ್ಟು ಕಾಯಿಸಿದರೆ ಸತುವು ಮೊದಲೇ ಹೊರಟುಹೋಗುವುದು. ಅದರ ಅದಿರಿನಿಂದ ಸತುವನ್ನು ತೆಗೆಯುವುದೂ ಇದೇ ಕಾರಣದಿಂದ ಕಷ್ಟ. ಆ ಆವಿಯನ್ನು ಹಿಡಿದು ತಣಿಸಿ ಲೋಹವನ್ನು ಪಡೆಯುವ ವಿದ್ಯೆಯನ್ನು ರಾಜಸ್ಥಾನದ ಜಾವರ್ ಎಂಬಲ್ಲಿಯ ಜನರು ಯೂರೋಪಿನವರಿಗಿಂತ ಎಷ್ಟೋ ಮೊದಲೇ ಸಾಧಿಸಿದ್ದರು. ಪಾತ್ರೆಗಳಿಗೆ ಬಳಸುವ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ೬೫ರಿಂದ ೭೦ ಪಾಲು ತಾಮ್ರ, ಉಳಿದುದು ಸತು. ಇದು ಘನದ್ರಾವಣವಾದುದರಿಂದ ಚೆನ್ನಾಗಿ ಬಗ್ಗುವುದು.

ಸತುವೇ ಹೆಚ್ಚಾಗಿ, ತಾಮ್ರವು ಅಲ್ಪವಾಗಿರುವ ಮಿಶ್ರಲೋಹಕ್ಕೆ ನಮ್ಮ ಬೀದರಿನ ಬಿದರಿ ಕೆಲಸವು ಉದಾಹರಣೆ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತುವಿರುವುದು. ಪಾತ್ರೆಯ ಮೇಲೆ ಬೆಳ್ಳಿಯ ತಂತಿಯನ್ನು ಕೆತ್ತನೆಯಲ್ಲಿ ಕೂಡಿಸಿದ ಬಳಿಕ, ಬೀದರ್ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಹಚ್ಚುವರು. ಮಿಶ್ರಲೋಹದ ಮೈಯು ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿಯು ಬೆಳ್ಳಗೆಯೇ ಉಳಿಯುವುದು. ಒಂದೇ ರಸಾಯನಕ್ಕೆ ಎರಡು ಲೋಹಗಳು ಕೊಡುವ ಬೇರೆ ಬೇರೆ ಉತ್ತರವೇ ಅಲ್ಲಿಯ ಚಿತ್ರವಾಗಿ ಪರಿಣಮಿಸುವುದು.

ಹುಣಿಸೆಹಣ್ಣು ಮಾಡಿದ ಕೆಲಸ

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ತಾಮ್ರವಾಗಲಿ ಹಿತ್ತಾಳೆಯಾಗಲಿ ಗಾಳಿಗೆ ತೆರೆದಿದ್ದರೆ, ಗಾಳಿಯಲ್ಲಿರುವ ಆಮ್ಲಜನಕವು ಮೇಲ್ಮೈಯೊಡನೆ ಕೂಡಿ ಕಂದುಬಣ್ಣದ ತೆಳ್ಳನೆಯ ಪೊರೆಯನ್ನುಂಟುಮಾಡುವುದು. ಹುಣಿಸೆಹಣ್ಣಿನಲ್ಲಿರುವ ಆಮ್ಲವು ಈ ಪೊರೆಯನ್ನು ಕರಗಿಸಿಬಿಡುವುದು; ಕೆಳಗಿನ ಹೊಳಪಾದ ಲೋಹವು ಕಾಣಿಸಿಕೊಳ್ಳುವುದು. ತಿಕ್ಕಿ ತೊಳೆಯುವಾಗ ಹೊರಬರುವ ಕೊಳೆನೀರಿನಲ್ಲಿ ತಾಮ್ರದ ಲವಣಗಳಿರುವುವು. ಅದನ್ನು ನಾವು ಚೆಲ್ಲಿಬಿಡುವೆವು.

ಆದರೆ ಪಾತ್ರೆಯೊಳಗೆ ಹುಳಿಪದಾರ್ಥವನ್ನಿಟ್ಟರೆ ನಡೆಯುವುದೂ ಅದೇ ಕ್ರಿಯೆಯಲ್ಲವೇ? ಗಾಳಿಯ ಆಮ್ಲಜನಕವು ಪೊರೆಯನ್ನು ಕಟ್ಟುವುದು. ಮಜ್ಜಿಗೆಯ ಆಮ್ಲವು ಅದನ್ನು ಕರಗಿಸುವುದು. ಪುನಃ ಪೊರೆ, ಪುನಃ ಕರಗುವಿಕೆ. ಹೊತ್ತು ಕಳೆದಷ್ಟೂ ತಾಮ್ರವೂ ಸತುವೂ ಆಹಾರಕ್ಕೆ ಇಳಿಯುತ್ತ ಹೋಗುವುವು. ಈ ಸಲ ಆ ನೀರನ್ನು ಚೆಲ್ಲುವವರಿಲ್ಲ, ಅದನ್ನೇ ಉಣ್ಣುವೆವು. ಪಾತ್ರೆಯ ಅಂಚಿನಲ್ಲಿ ಕಾಣುವ ಹಸಿರು ಕಿಲುಬು ಇದರ ಗುರುತು. ತಾಮ್ರದ ಲವಣಗಳು ಹೊಟ್ಟೆಯನ್ನು ಕೆಣಕಿ ವಾಂತಿಯನ್ನು ತರುವುವು. ಪಾತ್ರೆಯು ಹೊಳೆಯುತ್ತಿದ್ದುದು ದೋಷವಿಲ್ಲವೆಂಬುದಕ್ಕೆ ಸಾಕ್ಷಿಯಾಗಿರಲಿಲ್ಲ. ಲೋಹವು ಬತ್ತಲೆಯಾಗಿದೆಯೆಂಬುದಕ್ಕೆ ಮಾತ್ರ ಸಾಕ್ಷಿಯಾಗಿತ್ತು. ಆಕೆಯು ಹೊರಗೆ ತಿಕ್ಕಿದುದನ್ನು ಹುಳಿಯು ಒಳಗೆ ತಿಕ್ಕಿತು.

ನೀರನ್ನು ತುಂಬಿಡುವುದಕ್ಕೂ ಅನ್ನವನ್ನು ಬೇಯಿಸುವುದಕ್ಕೂ ಈ ತೊಂದರೆಯು ಬಹಳ ಕಡಿಮೆ. ಹುಳಿ, ಮೊಸರು, ಟೊಮೆಟೊ, ನಿಂಬೆ, ಉಪ್ಪಿನಕಾಯಿಗಳ ವಿಷಯದಲ್ಲಿಯೇ ಎಚ್ಚರಿಕೆಯು ಬೇಕು.

ಕಲಾಯಿಯೂ ಸೀಸವೂ

ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ಪರಿಹಾರವೇ ಕಲಾಯಿ. ಕಲಾಯಿಯವನು ಬೀದಿಯಲ್ಲಿ ತಿದಿಯನ್ನು ಹೂಡಿ, ಇದ್ದಲಿನ ಕೆಂಡದ ಮೇಲೆ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯನ್ನು ಎರಚುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಬೆರಗಿನಿಂದ ನೋಡಿದ್ದೇವೆ. ಬಿಳಿಯ ಹೊಗೆಯು ಘಾಟಾಗಿ ಏಳುತ್ತಿತ್ತು. ನವಸಾಗರವು ಲೋಹದ ಮೇಲಿನ ಪೊರೆಯನ್ನು ತೆಗೆದು ಶುದ್ಧಗೊಳಿಸುವುದು. ಆಗ ತವರದ ಕಡ್ಡಿಯನ್ನು ಮುಟ್ಟಿಸಿ ಹತ್ತಿಯಿಂದ ಒರಸಿದರೆ, ಕ್ಷಣಮಾತ್ರದಲ್ಲಿ ಬೆಳ್ಳಿಯಂತಹ ಲೇಪವು ಹರಡುವುದು. ಈ ಲೇಪವು ಬಣ್ಣ ಬಳಿದಂತೆ ಮೇಲೆ ಕುಳಿತಿರುವುದಿಲ್ಲ. ತಾಮ್ರವೂ ತವರವೂ ಸೇರುವ ಗಡಿಯಲ್ಲಿ ಎರಡೂ ಕೂಡಿ ಒಂದು ತೆಳು ಸಂಯುಕ್ತವಾಗಿ, ಲೇಪವನ್ನು ಪಾತ್ರೆಗೆ ಬೆಸೆಯುವುದು. ತವರವು ಅಡಿಗೆಯ ಹುಳಿಗೆ ಬಹುಮಟ್ಟಿಗೆ ಜಗ್ಗುವುದಿಲ್ಲ. ಅಲ್ಪಸ್ವಲ್ಪ ಕರಗಿದರೂ ದೇಹಕ್ಕೆ ಹಾನಿಯು ಕಡಿಮೆ.

ಇಲ್ಲಿಯೇ ಅಪಾಯದ ಮಾತು ಬರುವುದು. ತವರವು ಬೆಲೆಯುಳ್ಳ ಲೋಹ, ಸೀಸವು ಅಗ್ಗ. ಎರಡನ್ನೂ ಬೆರೆಸಿದರೆ ಮೇಲೆ ಹೇಳಿದಂತೆ ಕಡಿಮೆ ಕಾವಿನಲ್ಲಿಯೇ ಕರಗುವುದರಿಂದ ಇದ್ದಲೂ ಉಳಿಯುವುದು, ಕೆಲಸವೂ ಸುಲಭವಾಗುವುದು. ಹೀಗೆ ಬೆರಕೆಯ ಲೇಪಕ್ಕೆ ಎರಡು ಪ್ರಲೋಭನೆಗಳುಂಟು. ಹೊಸದಾಗಿ ಹಚ್ಚಿದಾಗ ಎರಡೂ ಒಂದೇ ರೀತಿ ಹೊಳೆಯುವುವು. ಕಣ್ಣಿನಿಂದ ಭೇದವನ್ನು ಕಾಣಲಾಗದು. ತವರವು ಹುಳಿಗೆ ಬಗ್ಗದಿದ್ದರೂ ಸೀಸವು ಬಗ್ಗುವುದು. ಸೀಸದ ಕೆಲವು ಲವಣಗಳಿಗೆ ಸಿಹಿಯಾದ ರುಚಿಯಿರುವುದರಿಂದ ನಾಲಗೆಯೂ ಎಚ್ಚರಿಸದು.

ತಾಮ್ರದ ಲವಣವು ಹೊಟ್ಟೆಗೆ ಹೋದರೆ ದೇಹವು ಕೂಡಲೆ ವಾಂತಿ ಮಾಡಿ ದೂರು ಹೇಳುವುದು. ಸೀಸವು ಹಾಗಲ್ಲ, ಸದ್ದಿಲ್ಲದೆ ಸೇರಿ, ಎಲುಬಿನಲ್ಲಿ ವರ್ಷಗಟ್ಟಲೆ ಉಳಿಯುವುದು. ದೊಡ್ಡವರಿಗಿಂತ ಮಕ್ಕಳ ದೇಹವು ಅದನ್ನು ಹೆಚ್ಚಾಗಿ ಹೀರಿಕೊಳ್ಳುವುದು. ಬೆಳೆಯುತ್ತಿರುವ ಮಿದುಳಿಗೆ ತಗಲಿ, ಕಲಿಯುವ ಶಕ್ತಿಯನ್ನೂ ಗಮನವನ್ನೂ ಕುಂದಿಸುವುದು. ಗರ್ಭಿಣಿಯ ದೇಹದಿಂದ ಶಿಶುವಿಗೂ ಇಳಿಯುವುದು. ಇಷ್ಟರವರೆಗೆ ಸೀಸವು ನಿರಪಾಯವೆಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ತರಗತಿಯಲ್ಲಿ ಮಂದವಾಗಿ ಕುಳಿತ ಮಗುವನ್ನು ಸೋಮಾರಿಯೆಂದು ಗದರಿಸುವ ಮೊದಲು, ಇಂತಹ ಕಾರಣವೂ ಇರಬಹುದೆಂಬುದನ್ನು ತಾಯಿತಂದೆಗಳೂ ಶಿಕ್ಷಕರೂ ಮನಸ್ಸಿನಲ್ಲಿಡಬೇಕು.

ಆದುದರಿಂದ ಕಲಾಯಿಯನ್ನು ಪರಿಚಿತನಾದ, ನಂಬಿಕಸ್ತನಾದ ಕೆಲಸಗಾರನಿಂದಲೇ ಮಾಡಿಸಬೇಕು. ಸಾಧ್ಯವಾದರೆ ಶುದ್ಧವಾದ ತವರವನ್ನು ನಾವೇ ಕೊಂಡು ಕೊಡುವುದು ಮೇಲು. ಸಂಶಯವಿದ್ದಲ್ಲಿ ಪ್ರಯೋಗಶಾಲೆಯ ಪರೀಕ್ಷೆಯೇ ಗತಿ. ಕಲಾಯಿ ಹೋಗಿ ಕೆಂಪು ಅಥವಾ ಹಳದಿಯ ಮೈ ಕಂಡ ಪಾತ್ರೆಯಲ್ಲಿ ಹುಳಿಯನ್ನು ಮಾಡಬಾರದು. ಬರಿಯ ಪಾತ್ರೆಯನ್ನು ಒಲೆಯ ಮೇಲಿಟ್ಟು ಮರೆಯಬಾರದು. ೨೩೨ ಡಿಗ್ರಿಯಲ್ಲಿ ಲೇಪವು ಕರಗಿ ಓಡುವುದು. ನೀರಿರುವ ತನಕ ಕಾವು ೧೦೦ ಡಿಗ್ರಿಯ ಸುಮಾರಿನಲ್ಲಿಯೇ ನಿಲ್ಲುವುದರಿಂದ ಭಯವಿಲ್ಲ. ಸಾರು ಕಾಯಿಸುವ ಈಯದ ಚೊಂಬು ಒಲೆಯ ಮೇಲೆ ಕರಗದೆ ನಿಲ್ಲುವ ರಹಸ್ಯವೂ ಇದೇ. ಆ ಚೊಂಬನ್ನು ಕೊಳ್ಳುವಾಗ ಅದು ತವರದ್ದೇ ಹೊರತು ಸೀಸದ ಬೆರಕೆಯದಲ್ಲವೆಂದು ದೃಢಪಡಿಸಿಕೊಳ್ಳಬೇಕು. ಅಲಂಕಾರಕ್ಕೆಂದು ಎರಕ ಹೊಯ್ದ ಹಿತ್ತಾಳೆಯ ಸಾಮಾನುಗಳಲ್ಲಿಯೂ, ತಿರುಗಣೆಯಲ್ಲಿ ಕಡೆದ ನಲ್ಲಿಗಳಲ್ಲಿಯೂ, ಕಡೆಯಲು ಸುಲಭವಾಗಲೆಂದು ನೂರಕ್ಕೆ ಎರಡು ಮೂರು ಪಾಲು ಸೀಸವನ್ನು ಸೇರಿಸುವುದುಂಟು. ಅಲಂಕಾರದ ಪಾತ್ರೆಯು ಅಲಂಕಾರಕ್ಕೇ ಇರಲಿ.

ಉಕ್ಕೂ ತುಕ್ಕಿಲ್ಲದ ಉಕ್ಕೂ

ಉಕ್ಕೆಂಬ ಕನ್ನಡದ ಮಾತಿಗೆ ಲೋಕದ ಲೋಹಶಾಸ್ತ್ರದಲ್ಲಿ ಒಂದು ಗೌರವದ ಸ್ಥಾನವಿದೆ. ದಕ್ಷಿಣ ಭಾರತದ ಕಮ್ಮಾರರು ಕಬ್ಬಿಣವನ್ನೂ ಸೌದೆಯ ಚೂರುಗಳನ್ನೂ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ, ಸುಮಾರು ಒಂದೂವರೆ ಪಾಲು ಇಂಗಾಲವುಳ್ಳ ಉತ್ತಮ ಉಕ್ಕನ್ನು ಪಡೆಯುತ್ತಿದ್ದರು. ಯೂರೋಪಿನವರು ಇದನ್ನು ವೂಟ್ಸ್ ಎಂದು ಕರೆದರು. ಆ ಹೆಸರು ಉಕ್ಕು ಎಂಬುದರ ಅಪಭ್ರಂಶವೆಂದು ವಿದ್ವಾಂಸರು ಎಣಿಸುವರು. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿಯನ್ನು ತಯಾರಿಸುತ್ತಿದ್ದರೆಂದೂ ಬರೆದಿದ್ದಾನೆ.

ಆದರೆ ಎಂತಹ ಉಕ್ಕಿಗೂ ತುಕ್ಕಿನ ಪೀಡೆ ತಪ್ಪಿರಲಿಲ್ಲ. ಕಬ್ಬಿಣದ ತುಕ್ಕು ಸಡಿಲವಾದ ಪುಡಿ. ಅದು ಉದುರಿದಂತೆಲ್ಲ ಕೆಳಗಿನ ಲೋಹವು ಗಾಳಿಗೂ ತೇವಕ್ಕೂ ತೆರೆದುಕೊಳ್ಳುವುದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವನು ೧೯೧೩ರಲ್ಲಿ, ನೂರಕ್ಕೆ ಸುಮಾರು ೧೩ ಪಾಲು ಕ್ರೋಮಿಯಂ ಸೇರಿಸಿದ ಉಕ್ಕಿಗೆ ತುಕ್ಕು ಹಿಡಿಯದಿರುವುದನ್ನು ಕಂಡನು. ಕ್ರೋಮಿಯಂ ಕೂಡ ಆಮ್ಲಜನಕದೊಡನೆ ಕೂಡುವುದು. ಆದರೆ ಅದರ ಪೊರೆಯು ಕಣ್ಣಿಗೆ ಕಾಣದಷ್ಟು ತೆಳುವಾಗಿ, ಬಿಗಿಯಾಗಿ, ಸಂದಿಲ್ಲದೆ ಅಂಟಿಕೊಂಡಿರುವುದು. ಗೀಚಿದರೂ ತಾನಾಗಿಯೇ ಮತ್ತೆ ಕಟ್ಟಿಕೊಳ್ಳುವುದು. ಕ್ರೋಮಿಯಂ ಸುಮಾರು ಹತ್ತೂವರೆ ಪಾಲಿಗಿಂತ ಕಡಿಮೆಯಾದರೆ ಈ ಪೊರೆಯು ಅವಿಚ್ಛಿನ್ನವಾಗದು. ಚಿನ್ನ ಬೆಳ್ಳಿಗಳಲ್ಲಿ ಕಂಡಂತೆ ಇಲ್ಲಿಯೂ ಒಂದು ಎಲ್ಲೆಯಿರುವುದನ್ನು ಗಮನಿಸಬೇಕು. ಒಳ್ಳೆಯ ಅಡಿಗೆಪಾತ್ರೆಗಳ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು ೧೮ ಪಾಲು ಕ್ರೋಮಿಯಂ, ೮ ಪಾಲು ನಿಕ್ಕಲ್ ಇರುವುದು.

ಅಯಸ್ಕಾಂತಕ್ಕೆ ಅಂಟದ ಸ್ಟೀಲೇ ಉತ್ತಮವೆಂಬ ನಂಬಿಕೆಯು ಪೂರ್ತಿಯಾಗಿ ನಿಜವಲ್ಲ. ನಿಕ್ಕಲಿನ ಬಹುಪಾಲನ್ನು ಬಿಟ್ಟು ಮ್ಯಾಂಗನೀಸನ್ನು ಸೇರಿಸಿದ ಅಗ್ಗದ ಸ್ಟೀಲೂ ಅಂಟುವುದಿಲ್ಲ. ಇನ್ನು ಉಪ್ಪು ಈ ಪೊರೆಯ ಶತ್ರು. ಬಹುಕಾಲ ತಗಲಿದ್ದರೆ ಸೂಜಿಮೊನೆಯಂತಹ ಗುಳಿಗಳನ್ನು ಕೊರೆಯುವುದು. ಉಪ್ಪಿನಕಾಯಿಗೆ ಪಿಂಗಾಣಿಯ ಜಾಡಿಯೇ ಸರಿಯೆಂಬ ಹಿರಿಯರ ಮಾತು ಸ್ಟೀಲಿನ ಕಾಲದಲ್ಲಿಯೂ ಸುಳ್ಳಾಗಿಲ್ಲ.

ಹೆಣ್ಣುಮಕ್ಕಳ ಚಿನ್ನ

ನಮ್ಮ ದೇಶದಲ್ಲಿ ಸ್ತ್ರೀಯ ಕೈಯಲ್ಲಿ ಉಳಿಯುವ ಹಣವು ಅನೇಕ ವೇಳೆ ಚಿನ್ನದ ರೂಪದಲ್ಲಿಯೇ ಇರುವುದು. ಆದುದರಿಂದ ಈ ಮಿಶ್ರಲೋಹದ ತಿಳಿವಳಿಕೆಯು ಪ್ರತಿಯೊಬ್ಬಳಿಗೂ ಅವಶ್ಯ. ಶುದ್ಧ ಚಿನ್ನವನ್ನು ೨೪ ಭಾಗವೆಂದೆಣಿಸಿದರೆ, ೨೨ ಕ್ಯಾರೆಟ್ಟಿನಲ್ಲಿ ೨೨ ಭಾಗ ಚಿನ್ನ, ೨ ಭಾಗ ಬೇರೆ ಲೋಹ. ಸಾವಿರಕ್ಕೆ ಲೆಕ್ಕ ಹಾಕಿದರೆ ಇದೇ ೯೧೬ ಎಂಬ ಅಂಕ. ೧೮ ಕ್ಯಾರೆಟ್ಟಿಗೆ ೭೫೦. ಬೆಳ್ಳಿಯನ್ನು ಸೇರಿಸಿದರೆ ಬಣ್ಣವು ಪೇಲವವಾಗುವುದು. ಪರಮಾಣುಗಳ ಗಾತ್ರವು ಸಮಾನವಾದುದರಿಂದ ಗಡಸುತನವು ಅಷ್ಟಾಗಿ ಹೆಚ್ಚದು. ತಾಮ್ರದ ಪರಮಾಣು ಚಿಕ್ಕದಾದುದರಿಂದ ಅದು ಚಿನ್ನವನ್ನು ಗಡಸು ಮಾಡಿ ಬಣ್ಣಕ್ಕೆ ಕೆಂಪನ್ನು ಕೂಡಿಸುವುದು. ಸೀಸವು ಅತ್ಯಲ್ಪವಾಗಿ ಸೇರಿದರೂ ಚಿನ್ನವು ಪೆಡಸಾಗಿ ಬಡಿದಲ್ಲಿ ಒಡೆಯುವುದು. ಅಕ್ಕಸಾಲಿಗರು ಅದಕ್ಕೆ ಹೆದರುವರು.

ಒಡವೆಯ ತುಂಡುಗಳನ್ನು ಬೆಸೆಯಲು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯನ್ನು ಬಳಸುವ ಪದ್ಧತಿಯೂ ಬಂದಿತ್ತು. ಕೆ.ಡಿ.ಎಂ. ಎಂಬ ಅಕ್ಷರಗಳು ಇದನ್ನೇ ಸೂಚಿಸುತ್ತಿದ್ದುವು. ಕ್ಯಾಡ್ಮಿಯಂ ೭೬೭ ಡಿಗ್ರಿಯಲ್ಲಿ ಆವಿಯಾಗುವುದು. ಕೊಳ್ಳುವವಳಿಗೆ ಅದರಿಂದ ತೊಂದರೆಯು ಕಾಣದಿದ್ದರೂ, ದೀಪದ ಮುಂದೆ ಊದುಗೊಳವೆ ಹಿಡಿದು ಕುಳಿತ ಕೆಲಸಗಾರನ ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಆ ಹೊಗೆಯು ಹಾಳುಮಾಡುತ್ತಿತ್ತು. ನಮ್ಮ ಒಡವೆಯ ಚೆಲುವಿಗೆ ಇನ್ನೊಬ್ಬನ ಉಸಿರು ಬೆಲೆಯಾಗಬಾರದು.

ಭಾರತೀಯ ಮಾನಕ ಸಂಸ್ಥೆಯ ಹಾಲ್‌ಮಾರ್ಕ್ ಪದ್ಧತಿಯು ಚಿನ್ನಕ್ಕೆ ೨೦೦೦ದಲ್ಲಿ ಪ್ರಾರಂಭವಾಯಿತು. ೨೦೨೧ರಿಂದ ಜಿಲ್ಲೆಗಳಲ್ಲಿ ಹಂತಹಂತವಾಗಿ ಕಡ್ಡಾಯವಾಯಿತು. ೨೦೨೩ರ ಏಪ್ರಿಲ್ ೧ರಿಂದ ಹಾಲ್‌ಮಾರ್ಕ್ ಒಡವೆಗೆ ಅಕ್ಷರಗಳೂ ಅಂಕಗಳೂ ಸೇರಿ ಆರು ಚಿಹ್ನೆಗಳುಳ್ಳ ಗುರುತಿನ ಸಂಖ್ಯೆಯು ಇರಲೇಬೇಕು. ಒಡವೆಯ ಮೇಲೆ ಸಂಸ್ಥೆಯ ಮುದ್ರೆ, ೨೨ ಕ್ಯಾರೆಟ್ಟಾದರೆ ೯೧೬ ಎಂಬ ಅಂಕ, ಈ ಸಂಖ್ಯೆ ಮೂರನ್ನೂ ಭೂತಗಾಜಿನಲ್ಲಿ ನೋಡಿ, ರಸೀತಿಯನ್ನು ಪಡೆದು, ಮನೆಗೆ ತರುವುದು ಜಾಣತನ. ಒರೆಗಲ್ಲು ಒಡವೆಯ ಹೊರಮೈಯನ್ನು ಮಾತ್ರ ಹೇಳುವುದು.

ಕೊನೆಗೊಂದು ಮಾತು. ಅಟ್ಟದಿಂದಿಳಿದ ಪಾತ್ರೆಗಳನ್ನು ಪುನಃ ಅಟ್ಟಕ್ಕೇರಿಸಬೇಕೆಂದು ನಾವು ಹೇಳುವುದಿಲ್ಲ. ಒಳ್ಳೆಯ ಕಂಚಿನ ಗಂಗಾಳದಲ್ಲಿ ಬಿಸಿ ಅನ್ನವನ್ನು ಉಣ್ಣಬಹುದು; ಬಿಂದಿಗೆಯಲ್ಲಿ ನೀರನ್ನು ತುಂಬಬಹುದು; ಶುದ್ಧ ತವರದ ಕಲಾಯಿಯುಳ್ಳ ತಪ್ಪಲೆಯಲ್ಲಿ ಅಡಿಗೆಯನ್ನು ಮಾಡಿ, ಆದೊಡನೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬಹುದು. ಪ್ರಶ್ನೆಯನ್ನು ಕೇಳ್ದ ಆ ನಮ್ಮ ವಿದ್ಯಾರ್ಥಿನಿಯು ತಪ್ಪಲೆಗೆ ಕಲಾಯಿ ಮಾಡಿಸಿರುವಳೆಂದೂ, ತವರವನ್ನು ತಾನೇ ಕೊಂಡುಕೊಟ್ಟಳೆಂದೂ ತಿಳಿಸಿದ್ದಾಳೆ. ತಿಕ್ಕುವಾಗ ಮಾತ್ರ ಮಗಳನ್ನು ಹತ್ತಿರ ಕರೆದು, ಹುಣಿಸೆಯ ನೀರು ಹಸಿರಾಗುವುದೇಕೆಂದು ವಿವರಿಸುವಳಂತೆ. ಈ ಲೇಖನವನ್ನು ಓದಿದ ತಾಯಂದಿರಲ್ಲಿ ಇನ್ನೂ ಕೆಲವರು ಹಾಗೆ ಮಾಡಿದರೆ ನಮ್ಮ ಶ್ರಮವು ಸಾರ್ಥಕವಾದಂತೆಯೇ ಸರಿ.